ಮಂದಣ್ಣನಿಗೆ ಬೇಕಿದ್ದದ್ದು ಪ್ಯೂನ್ ಕೆಲಸ

ನಾಲ್ಕನೇ ಸೆಮಿಸ್ಟರ್ ಫಲಿತಾಂಶ ಬಂದಿತ್ತು. ಸಿಗ್ನಲ್ಸ್ ವಿಷಯದಲ್ಲಿ ಬ್ಯಾಕ್. ಮನೆಗೆ ಫೋನ್ ಮಾಡಲು ಧೈರ್ಯ ಸಾಲದೆ ಹಾಸ್ಟೆಲಿನಲ್ಲಿ ಬಿದ್ದುಕೊಂಡಿದ್ದಾಗ ರೂಮ್‌ಮೇಟ್ ಮಂಚದ ಮೇಲಿದ್ದ ‘ಕರ್ವಾಲೊ’ ಕೈಗೆತ್ತಿಕೊಂಡೆ. ಪೂರ್ಣಚಂದ್ರ ತೇಜಸ್ವಿಯವರ ಈ ಕಾದಂಬರಿ ಬಂದದ್ದು 1980ರಲ್ಲಿ. ಬೆಳಗಾಗುವಷ್ಟರಲ್ಲಿ ಓದಿ ಮುಗಿಸಿದ್ದೆ.

ಹಾರುವ ಓತಿಯನ್ನು ಹುಡುಕಿ ಹೊರಡುವ ಆ ಕಥೆಯಲ್ಲಿ ವಿಜ್ಞಾನಿ ಕರ್ವಾಲೊ ಅವರಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದಿಟ್ಟವನು ಮಂದಣ್ಣ. ಊರವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು. ಆದರೆ ಜೇನು, ಹುಳು, ಕಾಡಿನ ವಿಷಯದಲ್ಲಿ ಅವನಿಗೆ ಗೊತ್ತಿದ್ದಷ್ಟು ಓದಿದವರಿಗೂ ಗೊತ್ತಿಲ್ಲ. ತಮಾಷೆಯೆಂದರೆ, ಅವನಿಗೆ ಬೇಕಿದ್ದದ್ದು ಒಂದು ಪ್ಯೂನ್ ಕೆಲಸ! ಕೆಲಸ ಸಿಕ್ಕರೆ ಮದುವೆಯಾದೀತು ಎಂಬ ಆಸೆ. ತನಗೆ ಗೊತ್ತಿರುವುದೂ ಒಂದು ವಿದ್ಯೆ ಎಂದು ಅವನಿಗೇ ಅನ್ನಿಸಿರಲಿಲ್ಲ. ಅದನ್ನು ಗುರುತಿಸಿದವರು ಕರ್ವಾಲೊ.

ಪುಸ್ತಕ ಮುಚ್ಚಿದಾಗ ನನ್ನ ಮೊಬೈಲ್ ನೆನಪಾಯಿತು. ಅದರ ತುಂಬ ಎರಡು ಮಳೆಗಾಲದ ಕಪ್ಪೆಗಳ ಕೂಗು. ರಜೆಯಲ್ಲಿ ಊರಿಗೆ ಹೋದಾಗ ರಾತ್ರಿ ಗದ್ದೆ ಬದುವಿನಲ್ಲಿ ಕೂತು ರೆಕಾರ್ಡ್ ಮಾಡಿದ್ದು. ಕ್ಲಾಸಿನಲ್ಲಿ ‘ಕಪ್ಪೆರಾಯ’ ಎಂಬ ಅಡ್ಡಹೆಸರೂ ಬಿದ್ದಿತ್ತು. ಆ ಕೂಗನ್ನು ಲ್ಯಾಪ್‌ಟಾಪಿಗೆ ಹಾಕಿ ಸ್ಪೆಕ್ಟ್ರೋಗ್ರಾಮ್ ತೆಗೆದೆ. ಒಂದು ಕಪ್ಪೆಯ ಕೂಗು ಚುಕ್ಕಿ ಸಾಲಿನಂತೆ, ಇನ್ನೊಂದರದು ಏಣಿಯ ಮೆಟ್ಟಿಲಿನಂತೆ ಕಂಡಿತು. ಕಿವಿಗೆ ಬೇರೆಬೇರೆ ಎನಿಸಿದ್ದು ಕಣ್ಣಿಗೂ ಬೇರೆಯಾಗಿ ಕಾಣಲು ಕಾರಣ ಫೂರಿಯರ್ ಗಣಿತ. ನಾನು ಫೇಲಾದದ್ದು ಅದರಲ್ಲೇ! ಸೂತ್ರ ಉರು ಹೊಡೆಯುವುದನ್ನು ಬಿಟ್ಟು ಕಪ್ಪೆಯ ಕೂಗಿನಿಂದಲೇ ಮತ್ತೆ ಓದಲು ಕೂತೆ. ಬ್ಯಾಕ್ ಪೇಪರ್ ಪಾಸಾಯಿತು. ಅಂಕ ಹೆಚ್ಚೇನಿಲ್ಲ, ಆದರೆ ಈ ಸಲ ಅರ್ಥವಾಗಿತ್ತು.

‘ಕಪ್ಪೆ ಅನ್ನ ಹಾಕುತ್ತಾ ಮಗಾ?’ ಎಂದು ಅಪ್ಪ ಕೇಳಿದರು. ಶಿಕ್ಷಣ ಸಾಲದ ಕಂತು ಕಟ್ಟಬೇಕಾದ ಮನೆಯಲ್ಲಿ ಅದು ನ್ಯಾಯವಾದ ಪ್ರಶ್ನೆಯೇ. ಎಲ್ಲ ಬಿಟ್ಟು ಕಪ್ಪೆಯ ಹಿಂದೆ ಹೋಗುತ್ತೇನೆ ಎಂದು ನಾನು ಹೇಳಲಿಲ್ಲ. ಮಂದಣ್ಣನಿಗೂ ಕೆಲಸ ಬೇಕಿತ್ತಲ್ಲ! ಕ್ಯಾಂಪಸ್ ಸಂದರ್ಶನಕ್ಕೂ ತಯಾರಾಗುತ್ತಿದ್ದೇನೆ. ಜೊತೆಗೆ, ಕೂಗಿನಿಂದಲೇ ಕಪ್ಪೆಯನ್ನು ಗುರುತಿಸುವ ಪ್ರಾಜೆಕ್ಟ್ ಮಾಡಲು ಪ್ರಾಧ್ಯಾಪಕರ ಒಪ್ಪಿಗೆ ಕೇಳಿದ್ದೇನೆ.

ನಮಗೆಲ್ಲ ಕರ್ವಾಲೊ ಅಂಥವರು ಸಿಗುವುದಿಲ್ಲ. ಹಾಗಾಗಿ ನಮ್ಮೊಳಗಿನ ಮಂದಣ್ಣನನ್ನು ನಾವೇ ಗುರುತಿಸಬೇಕು. ಪಕ್ಕದ ಬೆಂಚಿನವನಲ್ಲೂ ಒಬ್ಬ ಮಂದಣ್ಣ ಇದ್ದಾನು, ನಗುವ ಮೊದಲು ಒಮ್ಮೆ ಕೇಳಿ ನೋಡೋಣ. ಕಾದಂಬರಿಯ ಕೊನೆಯಲ್ಲಿ ಓತಿ ಕೈಗೆ ಸಿಗದೆ ಹಾರಿಹೋಗುತ್ತದೆ. ಆದರೂ ಅಷ್ಟು ದೂರ ಕಾಡು ಅಲೆದದ್ದು ದಂಡವಾಯಿತು ಎಂದು ಓದಿದ ಯಾರಿಗೂ ಅನ್ನಿಸುವುದಿಲ್ಲ.