ಮದುವೆಯ ಲೆಕ್ಕ ತಪ್ಪಿದ್ದೆಲ್ಲಿ?

2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಿಂದ ಹತ್ತಾರು ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತು ನಡೆಯುವುದು ಆ ಸೀಮೆಗೆ ಹೊಸತಲ್ಲ. ಹೊಸತಾಗಿದ್ದುದು ಹರಕೆಯ ವಿಷಯ. ಮೂವತ್ತು ದಾಟಿದ ಈ ಯುವಕರಲ್ಲಿ ಹೆಚ್ಚಿನವರು ಬೇಸಾಯಗಾರರು. ತಮಗೆ ಮದುವೆಯಾಗಲು ಹೆಣ್ಣು ಸಿಗುತ್ತಿಲ್ಲ, ದೇವರಾದರೂ ಕಣ್ಣು ಬಿಡಲಿ ಎಂಬುದು ಅವರ ಬೇಡಿಕೆಯಾಗಿತ್ತು. ಅದಕ್ಕೆ ಮೂರು ತಿಂಗಳ ಹಿಂದಷ್ಟೇ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಡೆದ ವಧು-ವರರ ಸಮಾವೇಶದಲ್ಲಿ ಕೆಲವೇ ನೂರು ವಧುಗಳಿಗೆ ಹತ್ತು ಸಾವಿರಕ್ಕೂ ಮಿಕ್ಕು ವರರು ಹೆಸರು ನೋಂದಾಯಿಸಿದ್ದರೆಂದು ಪತ್ರಿಕೆಗಳು ವರದಿ ಮಾಡಿದ್ದವು.

ಈ ಸುದ್ದಿಗಳನ್ನು ಓದಿ ನಕ್ಕವರು ಅನೇಕರು. ನಗದವರು ಸುಲಭದ ಕಾರಣವೊಂದನ್ನು ಕಂಡುಕೊಂಡರು: ಹುಡುಗಿಯರು ಓದಿ ಬಿಟ್ಟಿದ್ದಾರೆ, ಅವರಿಗೆ ಬೆಂಗಳೂರಿನ ಹುಡುಗನೇ ಬೇಕು, ಸಗಣಿ ಬಾಚುವ ಮನೆ ಬೇಡ. ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಇಷ್ಟನ್ನೇ ಪೂರ್ಣ ಸತ್ಯವೆಂದು ನಂಬಿದರೆ ದೋಷವೆಲ್ಲ ಹೆಣ್ಣುಮಕ್ಕಳ ತಲೆಗೆ ಬೀಳುತ್ತದೆ. ಜನಸಂಖ್ಯಾಶಾಸ್ತ್ರದ ವಿದ್ವಾಂಸರು ನಾಲ್ಕು ದಶಕಗಳಿಂದ ಈ ವಿಷಯದ ಬಗ್ಗೆ ಬೇರೆಯದೇ ಆದ ಲೆಕ್ಕವೊಂದನ್ನು ನಮ್ಮ ಮುಂದಿಡುತ್ತ ಬಂದಿದ್ದಾರೆ. ಆ ಲೆಕ್ಕದ ಬಹುಮುಖ್ಯ ಭಾಗವೊಂದು ಹುಟ್ಟಿದ್ದು ಕರ್ನಾಟಕದ ಹಳ್ಳಿಗಳಲ್ಲೇ ಎಂಬುದು ಗಮನಾರ್ಹ.

ತೆರ ಹೋಗಿ ದಕ್ಷಿಣೆ ಬಂತು

1970ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಜಾನ್ ಕಾಲ್ಡ್‌ವೆಲ್, ಪ್ಯಾಟ್ ಕಾಲ್ಡ್‌ವೆಲ್ ದಂಪತಿ ಮತ್ತು ಬೆಂಗಳೂರಿನ ಜನಸಂಖ್ಯಾ ಕೇಂದ್ರದ ಪಿ.ಎಚ್. ರೆಡ್ಡಿ ಅವರು ದಕ್ಷಿಣ ಕರ್ನಾಟಕದ ಒಂದು ದೊಡ್ಡ ಗ್ರಾಮ ಮತ್ತು ಅದರ ಸುತ್ತಲಿನ ಸಣ್ಣ ಹಳ್ಳಿಗಳನ್ನು ಆಯ್ದುಕೊಂಡು ಅಧ್ಯಯನ ಆರಂಭಿಸಿದರು. ಪ್ರಶ್ನಾವಳಿ ಹಿಡಿದು ಒಂದು ದಿನ ಬಂದುಹೋಗುವ ಸಮೀಕ್ಷೆ ಇದಾಗಿರಲಿಲ್ಲ. ಹಳ್ಳಿಯಲ್ಲಿದ್ದು, ಒಂದೇ ಮನೆಗೆ ಮತ್ತೆ ಮತ್ತೆ ಹೋಗಿ, ಅತ್ತೆಯನ್ನೂ ಸೊಸೆಯನ್ನೂ ಬೇರೆ ಬೇರೆಯಾಗಿ ಮಾತನಾಡಿಸಿದ ಅಧ್ಯಯನವದು. ಮದುವೆಯ ಪದ್ಧತಿಯಲ್ಲಾದ ಬದಲಾವಣೆಗಳ ಬಗ್ಗೆ ಅವರು 1983ರಲ್ಲಿ ಪ್ರಕಟಿಸಿದ ಲೇಖನ ಇಂದಿಗೂ ಉಲ್ಲೇಖಗೊಳ್ಳುತ್ತದೆ.

ಹಿಂದೆ ನಮ್ಮ ಬಹುಪಾಲು ಬೇಸಾಯಗಾರ ಜಾತಿಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿನ ತಂದೆಗೆ ತೆರ ಕೊಟ್ಟು ಮದುವೆ ಮಾಡಿಕೊಳ್ಳುತ್ತಿದ್ದರು. ಒಂದೆರಡು ತಲೆಮಾರುಗಳ ಅವಧಿಯಲ್ಲಿ ಈ ಹಣದ ದಿಕ್ಕು ತಿರುಗಿತು. ತೆರ ಪಡೆಯುತ್ತಿದ್ದ ಮನೆಗಳೇ ವರದಕ್ಷಿಣೆ ತೆರತೊಡಗಿದವು. ಮೇಲ್ಜಾತಿಗಳ ಅನುಕರಣೆ, ಶಾಲೆ ಕಲಿತು ಸಂಬಳ ತರುವ ವರನಿಗೆ ಬಂದ ಬೆಲೆ, ಹೀಗೆ ಕಾರಣಗಳು ಹಲವು. ಆದರೆ ಈ ವಿದ್ವಾಂಸರು ಅವುಗಳ ಜೊತೆಗೆ ಯಾರ ಕಣ್ಣಿಗೂ ಬೀಳದ ಇನ್ನೊಂದು ಕಾರಣವನ್ನೂ ಎತ್ತಿ ತೋರಿಸಿದರು. ವಿವಾಹಯೋಗ್ಯ ಹೆಣ್ಣುಗಳ ಸಂಖ್ಯೆ ವಿವಾಹಯೋಗ್ಯ ಗಂಡುಗಳ ಸಂಖ್ಯೆಯನ್ನು ಮೀರಿತ್ತು. ಶಾಸ್ತ್ರದ ಪರಿಭಾಷೆಯಲ್ಲಿ ಇದಕ್ಕೆ ವಿವಾಹದ ಇಕ್ಕಟ್ಟು ಎನ್ನಬಹುದು.

ಹುಟ್ಟುವಾಗ ಗಂಡುಮಕ್ಕಳೇ ತುಸು ಹೆಚ್ಚಿರುವಾಗ ಇದು ಹೇಗೆ ಸಾಧ್ಯ? ಉತ್ತರ ಅಡಗಿರುವುದು ವಯಸ್ಸಿನ ಅಂತರದಲ್ಲಿ. ನಮ್ಮಲ್ಲಿ ವರ ವಧುವಿಗಿಂತ ಹಲವು ವರ್ಷ ದೊಡ್ಡವನಾಗಿರಬೇಕೆಂಬುದು ರೂಢಿ. ಅಂತರ ಏಳು ವರ್ಷ ಎಂದಿಟ್ಟುಕೊಳ್ಳೋಣ. ಜನನಗಳ ಸಂಖ್ಯೆ ವರ್ಷಕ್ಕೆ ಶೇಕಡಾ 2ರಂತೆ ಏರುತ್ತಿದ್ದರೆ, ಒಂದು ವರ್ಷ ಹುಟ್ಟಿದ 100 ಗಂಡುಮಕ್ಕಳಿಗೆ ಎದುರಾಗಿ ಏಳು ವರ್ಷಗಳ ನಂತರ ಹುಟ್ಟಿದ ಹೆಣ್ಣುಮಕ್ಕಳ ಸಂಖ್ಯೆ ಸುಮಾರು 115 ಆಗುತ್ತದೆ. ಸಾವಿನ ಪ್ರಮಾಣ ಇಳಿದು ಜನಸಂಖ್ಯೆ ವೇಗವಾಗಿ ಬೆಳೆದ ಕಾಲವದು. 1971-81ರ ಒಂದೇ ದಶಕದಲ್ಲಿ ಕರ್ನಾಟಕದ ಜನಸಂಖ್ಯೆ ಶೇಕಡಾ 26ಕ್ಕೂ ಹೆಚ್ಚು ಏರಿತು. ಹೆಣ್ಣು ಹೆತ್ತವರು ವರನಿಗಾಗಿ ಊರೂರು ಅಲೆದು ಚಪ್ಪಲಿ ಸವೆಸಿದ್ದು ಈ ಕಾಲದಲ್ಲಿಯೇ.

ಧಾರವಾಡದ ಜೆಎಸ್ಎಸ್ ಆರ್ಥಿಕ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಪಿ.ಎನ್. ಮಾರಿ ಭಟ್ ಮತ್ತು ಕೆನಡಾದಲ್ಲಿದ್ದ ಶಿವ ಹಳ್ಳಿ ಅವರು 1999ರಲ್ಲಿ ಈ ವಾದವನ್ನು ಇಡೀ ದೇಶದ ಅಂಕಿಅಂಶಗಳಿಗೆ ಅನ್ವಯಿಸಿ ನೋಡಿದರು. ವಿದ್ವಾಂಸರಲ್ಲಿ ಒಮ್ಮತವಿತ್ತೆಂದು ಹೇಳಲಾಗದು. ವರದಕ್ಷಿಣೆಯ ಏರಿಕೆಯನ್ನು ಇದೇ ಇಕ್ಕಟ್ಟಿನಿಂದ ವಿವರಿಸಿದ ವಿಜಯೇಂದ್ರ ರಾವ್ ಅವರ 1993ರ ಲೇಖನವನ್ನು ಲೆನಾ ಎಡ್ಲಂಡ್ 2000ದಲ್ಲಿ ಪ್ರಶ್ನಿಸಿದರು. ಹೆಣ್ಣು ಹೆಚ್ಚಾದರೆ ಮದುವೆಯ ವಯಸ್ಸು ಮುಂದಕ್ಕೆ ಹೋಗಬಹುದು, ದಕ್ಷಿಣೆಯೇ ಏರಬೇಕೆಂದೇನಿಲ್ಲ ಎಂಬ ಆಕ್ಷೇಪವೂ ಬಂತು. ಹಣದ ವಿಷಯದಲ್ಲಿ ಭಿನ್ನಾಭಿಪ್ರಾಯ ಇದ್ದೀತು. ಆದರೆ ಜನಸಂಖ್ಯೆ ಏರುವಾಗ ಒಂದು ಕಡೆ ವಾಲುವ ತಕ್ಕಡಿ, ಜನನ ಇಳಿಯುವಾಗ ಇನ್ನೊಂದು ಕಡೆ ವಾಲುತ್ತದೆ ಎಂಬ ಸರಳ ಗಣಿತವನ್ನು ತಳ್ಳಿಹಾಕಲಾಗದು.

ತಕ್ಕಡಿ ವಾಲಿತು

ಕರ್ನಾಟಕದಲ್ಲಿ ಜನನ ಇಳಿದ ವೇಗವನ್ನು ಗಮನಿಸಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ರಾಜ್ಯದ ಒಬ್ಬ ಮಹಿಳೆಗೆ ಸರಾಸರಿ 2.85 ಮಕ್ಕಳು. 1998-99ರ ವೇಳೆಗೆ ಇದು 2.13ಕ್ಕೆ ಇಳಿಯಿತು. 2019-20ರಲ್ಲಿ 1.7. ಒಂದು ತಲೆಮಾರು ತನ್ನಷ್ಟೇ ಸಂಖ್ಯೆಯ ಮತ್ತೊಂದು ತಲೆಮಾರನ್ನು ಬಿಟ್ಟುಹೋಗಬೇಕಾದರೆ ಬೇಕಾಗುವುದು ಸುಮಾರು 2.1. ನಾವು ಆ ಗೆರೆಯನ್ನು ದಾಟಿ ಕೆಳಗಿಳಿದು ಬಹಳ ಕಾಲವಾಯಿತು. ಸರ್ಕಾರಿ ಆಸ್ಪತ್ರೆಗಳಲ್ಲಿ 1930ರಷ್ಟು ಹಿಂದೆಯೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದಿದ್ದ ಮೈಸೂರು ಸಂಸ್ಥಾನದ ಮಟ್ಟಿಗೆ ಇದೊಂದು ಹಳೆಯ ಕನಸಿನ ಕೈಗೂಡುವಿಕೆಯೇ ಸರಿ.

2023ರಲ್ಲಿ ಮೂವತ್ತು ತುಂಬಿದ ಯುವಕ ಹುಟ್ಟಿದ್ದು 1993ರಲ್ಲಿ. ಅವನಿಗಿಂತ ಐದಾರು ವರ್ಷ ಚಿಕ್ಕವಳಾದ ಹುಡುಗಿ ಹುಟ್ಟಬೇಕಾಗಿದ್ದದ್ದು 1998-99ರಲ್ಲಿ. ಮೇಲಿನ ಅಂಕಿಗಳು ತೋರಿಸುವಂತೆ ಈ ಎರಡು ವರ್ಷಗಳ ನಡುವಣ ಅವಧಿಯಲ್ಲಿಯೇ ಕುಟುಂಬಗಳು ತೀವ್ರವಾಗಿ ಕಿರಿದಾದವು. ತಾಯಂದಿರ ಸಂಖ್ಯೆ ಹೆಚ್ಚುತ್ತಿದ್ದುದರಿಂದ ಜನನಗಳ ಒಟ್ಟು ಸಂಖ್ಯೆ ಇಷ್ಟೇ ಪ್ರಮಾಣದಲ್ಲಿ ಕುಸಿಯಲಿಲ್ಲ ನಿಜ. ಆದರೆ ಹಿಂದಿನಂತೆ ವರ್ಷದಿಂದ ವರ್ಷಕ್ಕೆ ಏರುವ ಕಾಲ ಮುಗಿದಿತ್ತು. ಜನನ ವರ್ಷಕ್ಕೆ ಶೇಕಡಾ 1ರಂತೆ ಇಳಿಯುತ್ತಿದೆ, ವಯಸ್ಸಿನ ಅಂತರ ಐದು ವರ್ಷ ಎಂದು ಲೆಕ್ಕ ಹಾಕಿದರೆ 100 ಗಂಡುಗಳಿಗೆ 95 ಹೆಣ್ಣುಗಳು. ಇದರ ಮೇಲೆ, ಪ್ರಕೃತಿ ಸಹಜವಾಗಿಯೇ 100 ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳನ್ನು ಕೊಡುತ್ತದೆ. ಅದನ್ನೂ ಸೇರಿಸಿದರೆ ಹೆಣ್ಣುಗಳ ಸಂಖ್ಯೆ 90ರ ಆಸುಪಾಸಿಗೆ ಇಳಿಯುತ್ತದೆ. ಜನಸಂಖ್ಯೆ ಏರುತ್ತಿದ್ದಾಗ ಮುಳುಗಿಹೋಗುತ್ತಿದ್ದ ಈ ಕೊರತೆ ನೀರಿಳಿದ ಕೆರೆಯ ಬಂಡೆಯಂತೆ ಈಗ ಮೇಲೆ ಕಾಣುತ್ತಿದೆ.

ದಕ್ಷಿಣದವರಾದ ನಮಗೆ ಇನ್ನೂ ಒಂದು ಪೆಟ್ಟಿದೆ. ಅಕ್ಕನ ಮಗಳು, ಸೋದರಮಾವನ ಮಗಳು, ಸೋದರತ್ತೆಯ ಮಗಳು ಎಂಬ ಸಂಬಂಧಗಳು ನಮ್ಮಲ್ಲಿ ವಧುವಿನ ಮೊದಲ ಹಕ್ಕಿನ ಪಟ್ಟಿಯಾಗಿದ್ದವು. ಐದಾರು ಮಕ್ಕಳಿದ್ದ ಮನೆಯಲ್ಲಿ ಕಿರಿಯ ತಮ್ಮನಿಗೆ ಹಿರಿಯಕ್ಕನ ಮಗಳು ಜೋಡಿಯಾಗುತ್ತಿದ್ದಳು. ಎರಡೇ ಮಕ್ಕಳ ಮನೆಯಲ್ಲಿ, ಇಬ್ಬರೂ ಗಂಡಾದರೆ, ಅಕ್ಕನೇ ಇಲ್ಲದ ಮೇಲೆ ಅಕ್ಕನ ಮಗಳೆಲ್ಲಿ? ಹೊರಗಿನಿಂದ ಹೆಣ್ಣು ತರಲು ಎದುರಿಸಬೇಕಾದ ಪೈಪೋಟಿಯಿಂದ ರಕ್ಷಿಸುತ್ತಿದ್ದ ಈ ಬಂಧುತ್ವದ ಬೇಲಿ ಸದ್ದಿಲ್ಲದೆ ಕರಗುತ್ತಿದೆ.

ಆಲೆಮನೆಯ ಸತ್ಯ

ಇಷ್ಟನ್ನೂ ಕೇವಲ ಗಣಿತದ ಆಟ ಎಂದುಬಿಟ್ಟರೆ ನಮ್ಮ ಅಪರಾಧವನ್ನು ಮರೆಮಾಚಿದಂತಾಗುತ್ತದೆ. ಬ್ರಹ್ಮಚಾರಿಗಳು ಬೆಟ್ಟಕ್ಕೆ ನಡೆದ ಅದೇ 2023ರ ಕೊನೆಯಲ್ಲಿ, ಅದೇ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರಿನ ಪೊಲೀಸರು ಬಯಲಿಗೆಳೆದರು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ ಕಾನೂನು 1994ರದು. ಬೆಲ್ಲ ಕಾಯಿಸುವ ಕೊಪ್ಪರಿಗೆಗಳ ಮಗ್ಗುಲಲ್ಲಿ ಹೆಣ್ಣುಕೂಸುಗಳ ಹಣೆಬರಹ ತೀರ್ಮಾನವಾಗುತ್ತಿತ್ತು. ಒಂದೇ ವರ್ಷದ ಈ ಎರಡು ಸುದ್ದಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವರು ಕಡಿಮೆ.

ರಾಜ್ಯದ ಒಟ್ಟು ಚಿತ್ರ ಹರಿಯಾಣದಷ್ಟು ಭೀಕರವಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಆರು ವರ್ಷದವರೆಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 1991ರಲ್ಲಿ ಕರ್ನಾಟಕದಲ್ಲಿ 960 ಹೆಣ್ಣುಮಕ್ಕಳಿದ್ದರು. 2001ರಲ್ಲಿ 946, 2011ರಲ್ಲಿ 948. ಹರಿಯಾಣದಲ್ಲಿ 2011ರ ಅಂಕಿ 834. ಆದರೆ ಚಿಕ್ಕ ಕುಟುಂಬವೂ ಬೇಕು, ಅದರಲ್ಲಿ ಒಂದು ಗಂಡೂ ಇರಲೇಬೇಕು ಎಂಬ ಎರಡು ಆಸೆಗಳು ಕೂಡಿದಲ್ಲಿ ಆಲೆಮನೆಗಳು ತೆರೆದುಕೊಳ್ಳುತ್ತವೆ. ರಾಜ್ಯದ ಸರಾಸರಿಯ ಮರೆಯಲ್ಲಿ ಇದು ಅಡಗಿ ಕುಳಿತಿರುತ್ತದೆ.

ಫ್ರಾನ್ಸಿನ ಜನಸಂಖ್ಯಾತಜ್ಞ ಕ್ರಿಸ್ಟೋಫ್ ಗಿಲ್ಮೊಟೊ 2012ರಲ್ಲಿ ಚೀನಾ ಮತ್ತು ಭಾರತಗಳ ಬಗ್ಗೆ ಒಂದು ಎಚ್ಚರಿಕೆ ನೀಡಿದ್ದಾರೆ. ಮದುವೆಯ ಮಾರುಕಟ್ಟೆ ಸರದಿ ಸಾಲಿನಂತೆ. ಈ ವರ್ಷ ಹೆಣ್ಣು ಸಿಗದವನು ಸಾಲು ಬಿಟ್ಟು ಹೋಗುವುದಿಲ್ಲ. ಮುಂದಿನ ವರ್ಷದವರ ಜೊತೆ ನಿಲ್ಲುತ್ತಾನೆ. ಹೀಗೆ ಸಾಲು ಬೆಳೆಯುತ್ತಲೇ ಹೋಗುತ್ತದೆ. ಜನನದ ಲಿಂಗಾನುಪಾತ ಸಹಜ ಸ್ಥಿತಿಗೆ ಮರಳಿದರೂ ಅವಿವಾಹಿತ ಗಂಡಸರ ಪ್ರಮಾಣ 2050ರ ದಶಕಕ್ಕೆ ಮುನ್ನ ಶಿಖರ ಮುಟ್ಟಲಾರದು ಎಂಬುದು ಅವರ ಲೆಕ್ಕಾಚಾರ. ಸಾಲಿನ ಕೊನೆಯಲ್ಲಿ ಉಳಿಯುವವರು ಯಾರು? ನೆಲ ಕಡಿಮೆ ಇರುವವನು, ಓದು ಅರ್ಧಕ್ಕೆ ನಿಂತವನು, ಮುದಿ ತಂದೆತಾಯಿಯನ್ನು ನೋಡಿಕೊಳ್ಳಲು ಊರಲ್ಲೇ ಉಳಿದವನು. ನಗರದ ಉದ್ಯೋಗಸ್ಥ ವರನಿಗೆ ಇಂದಿಗೂ ಕಾರು, ಚಿನ್ನ, ನಿವೇಶನ ಕೊಡುವವರಿದ್ದಾರೆ. ಒಂದೇ ಜಿಲ್ಲೆಯಲ್ಲಿ ವರದಕ್ಷಿಣೆಯೂ ವಧುವಿನ ಬರವೂ ಏಕಕಾಲದಲ್ಲಿ ಇರಬಲ್ಲವು.

ತಪ್ಪು ಮದ್ದುಗಳು

ರೋಗನಿದಾನ ತಪ್ಪಾದರೆ ಮದ್ದೂ ತಪ್ಪುತ್ತದೆ. 2023ರ ವಿಧಾನಸಭಾ ಚುನಾವಣೆಯ ಸಂದರ್ಭದಲ್ಲಿ ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ 2 ಲಕ್ಷ ರೂಪಾಯಿ ನೀಡುವ ಭರವಸೆ ಕೇಳಿಬಂತು. ಹಿಂದೆ ಗಂಡಿನ ಮನೆ ಕೊಡುತ್ತಿದ್ದ ತೆರವನ್ನು ಇನ್ನು ಮುಂದೆ ಸರ್ಕಾರದ ಬೊಕ್ಕಸ ಕೊಡಬೇಕೆಂದು ಇದರರ್ಥವೇ? ಹಣ ಸಾಲಿನಲ್ಲಿ ನಿಂತವರ ಸ್ಥಾನ ಬದಲಿಸಬಹುದು. ಇಲ್ಲದ ಹೆಣ್ಣನ್ನು ಸೃಷ್ಟಿಸಲಾರದು.

2024ರ ಅಕ್ಟೋಬರ್‌ನಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರು ಜನ ಹೆಚ್ಚು ಮಕ್ಕಳನ್ನು ಪಡೆಯಬೇಕೆಂದು ಕರೆ ಕೊಟ್ಟರು. ವೃದ್ಧರ ಸಂಖ್ಯೆ ಏರುತ್ತಿರುವ ದಕ್ಷಿಣದ ಆತಂಕ ಅರ್ಥವಾಗುವಂಥದೇ. ಕರ್ನಾಟಕದಲ್ಲಿಯೂ 2011ರಲ್ಲೇ ಅರವತ್ತು ದಾಟಿದವರು ಸುಮಾರು 58 ಲಕ್ಷ ಇದ್ದರು. ಆದರೆ ಇಂದು ಹುಟ್ಟಿದ ಹೆಣ್ಣುಮಗು ಹಸೆಮಣೆ ಏರುವ ಹೊತ್ತಿಗೆ ಇಂದಿನ ಮೂವತ್ತರ ವರನಿಗೆ ಐವತ್ತೈದು ತುಂಬಿರುತ್ತದೆ. ಅವನ ಸಂಕಟಕ್ಕೆ ಇದು ಪರಿಹಾರವಲ್ಲ.

ಮೂರನೆಯ ಮದ್ದು ಎಲ್ಲಕ್ಕಿಂತ ಅಪಾಯಕಾರಿ. ಹೆಣ್ಣು ವಿರಳವಾದರೆ ಅವಳ ಬೆಲೆ ಹೆಚ್ಚುತ್ತದೆ, ಗೌರವವೂ ಹೆಚ್ಚುತ್ತದೆ ಎಂದು ನಂಬುವವರಿದ್ದಾರೆ. ಹರಿಯಾಣ ಮತ್ತು ಪಶ್ಚಿಮ ಉತ್ತರಪ್ರದೇಶಗಳಲ್ಲಿ ಸಮಾಜಶಾಸ್ತ್ರಜ್ಞೆ ರವೀಂದರ್ ಕೌರ್ ಮುಂತಾದವರು ನಡೆಸಿದ ಅಧ್ಯಯನಗಳು ಹೇಳುವುದೇ ಬೇರೆ. ಅಲ್ಲಿಗೆ ಬಂಗಾಳ, ಅಸ್ಸಾಂ, ಒಡಿಶಾಗಳ ಬಡ ಕುಟುಂಬಗಳ ಹೆಣ್ಣುಮಕ್ಕಳು ವಧುಗಳಾಗಿ ಬರುತ್ತಾರೆ. ಭಾಷೆ ಬಾರದ, ತವರಿನ ಆಸರೆ ದೂರವಾದ ಅವರ ಬಾಳಿನಲ್ಲಿ ವಿರಳತೆಯಿಂದ ಬಂದ ಗೌರವವನ್ನು ಹುಡುಕುವುದು ಕಷ್ಟ. ನಮ್ಮಲ್ಲೂ ಬೇರೊಂದು ಒತ್ತಡದ ಸಾಧ್ಯತೆಯಿದೆ: ಓದುವ ಹುಡುಗಿಯನ್ನು ಬೇಗ ಶಾಲೆ ಬಿಡಿಸಿ ಮದುವೆ ಮಾಡುವುದು. 2019-20ರ ಸಮೀಕ್ಷೆಯ ವೇಳೆಗೂ ರಾಜ್ಯದಲ್ಲಿ 20-24 ವಯಸ್ಸಿನ ಐವರು ಮಹಿಳೆಯರಲ್ಲಿ ಒಬ್ಬರಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. 2005-06ರಲ್ಲಿ ಹತ್ತರಲ್ಲಿ ನಾಲ್ವರಿದ್ದುದು ಇಲ್ಲಿಗೆ ಇಳಿದಿದೆ. ವರರ ಸಾಲಿನ ಒತ್ತಡ ಈ ಇಳಿಕೆಯನ್ನು ಹಿಂದಕ್ಕೆ ತಿರುಗಿಸಬಾರದು.

ಬದಲಾಗಬೇಕಾದ ರೂಢಿ

ಹಾಗಾದರೆ ಮಾಡಬಹುದಾದದ್ದೇನು? ಲೆಕ್ಕ ಕೆಟ್ಟಿರುವುದು ಮೂರು ರೂಢಿಗಳಿಂದ. ವರ ದೊಡ್ಡವನೇ ಆಗಿರಬೇಕೆಂಬ ರೂಢಿ ಸಡಿಲಗೊಂಡು ಸಮವಯಸ್ಕರ ಮದುವೆ ಸಹಜವಾದರೆ, ಏರಿಳಿಯುವ ಜನನಗಳಿಂದ ಬರುವ ಇಕ್ಕಟ್ಟು ತಾನೇ ಕರಗುತ್ತದೆ. ಒಳಪಂಗಡದ ಬೇಲಿ ದಾಟಿದರೆ ಹುಡುಕುವ ವಲಯ ವಿಸ್ತಾರವಾಗುತ್ತದೆ. ವಿಧವೆಗೆ, ವಿಚ್ಛೇದಿತೆಗೆ ಮತ್ತೊಂದು ಮದುವೆ ಸಲ್ಲದೆಂಬ ಪೂರ್ವಗ್ರಹ ಬಿಟ್ಟರೆ, ಎರಡು ಕಡೆಯ ಒಂಟಿತನಕ್ಕೂ ದಾರಿ ಸಿಗುತ್ತದೆ.

ಇನ್ನು ರೈತನ ಮನೆ ಬೇಡವೆನ್ನುವ ಹುಡುಗಿಯ ಪ್ರಶ್ನೆ. ಅವಳು ಬೇಡವೆನ್ನುತ್ತಿರುವುದು ಹೊಲವನ್ನಲ್ಲ; ಕೂಲಿಯಿಲ್ಲದ ದುಡಿಮೆಯನ್ನು, ಪಹಣಿಯಲ್ಲಿ ಹೆಸರಿಲ್ಲದ ಬಾಳನ್ನು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ನೀಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು. 2005ರಲ್ಲಿ ಅದು ಇಡೀ ದೇಶದ ಕಾನೂನಾಯಿತು. ಆದರೂ ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕತಂಗಿಯರ ಸಹಿ ಪಡೆಯುವುದನ್ನು ನಾವು ಬಿಟ್ಟಿಲ್ಲ. ಅಕ್ಕತಂಗಿಗೆ ಪಾಲು ಕೊಡದವನು, ಹೆಂಡತಿಯ ಹೆಸರಿಗೆ ಒಂದು ಗುಂಟೆಯನ್ನೂ ಬರೆಯದವನು, ಮಣ್ಣನ್ನು ಪ್ರೀತಿಸುವ ಹುಡುಗಿ ಸಿಗುತ್ತಿಲ್ಲವೆಂದು ಕೊರಗುವುದು ನ್ಯಾಯವೇ?

ಬೆಟ್ಟಕ್ಕೆ ನಡೆದ ಆ ಯುವಕರನ್ನು ಕಂಡು ನಗುವುದು ಬೇಡ. ಅವರ ಒಂಟಿತನ ನಿಜವಾದದ್ದು; ಅದು ಅವರು ಮಾಡಿದ ತಪ್ಪೂ ಅಲ್ಲ. ಅವರ ತಂದೆತಾಯಿಯ ಕಾಲದ ನಿರ್ಧಾರಗಳ ಫಲವನ್ನು ಅವರು ಉಣ್ಣುತ್ತಿದ್ದಾರೆ. ಹಾಗೆಯೇ, ಮೂವತ್ತು ವರ್ಷಗಳ ನಂತರ ಯಾರು ಯಾವ ಬೆಟ್ಟಕ್ಕೆ ಹರಕೆ ಹೊರಬೇಕೆಂಬುದನ್ನು ಇಂದಿನ ಹೆರಿಗೆ ಕೋಣೆಗಳೂ ಹೊಲದ ಪಹಣಿಗಳೂ ನಿರ್ಧರಿಸುತ್ತಿವೆ. ಮಾದಪ್ಪ ವರ ಕೊಡಬಹುದು. ಲೆಕ್ಕ ಸರಿಪಡಿಸುವ ಕೆಲಸ ಮಾತ್ರ ನಮ್ಮದೇ.