60 ಹರ್ಟ್ಸೋ, 144 ಹರ್ಟ್ಸೋ?

ಪ್ರಶ್ನೆ: ಗೇಮ್ ಆಡಲು 144 ಹರ್ಟ್ಸ್ ಮಾನಿಟರೇ ಬೇಕೆಂದು ಮಗನ ಹಟ. ವ್ಯತ್ಯಾಸ ನಿಜಕ್ಕೂ ಕಣ್ಣಿಗೆ ಕಾಣುತ್ತದೆಯೇ?

ಉತ್ತರ: ಕಾಣುತ್ತದೆ. 60 ಹರ್ಟ್ಸ್ ಪರದೆಯಲ್ಲಿ ಒಂದೊಂದು ಚಿತ್ರವೂ ಸುಮಾರು 16.7 ಮಿಲಿಸೆಕೆಂಡ್ ನಿಲ್ಲುತ್ತದೆ. 144ರಲ್ಲಿ ಸುಮಾರು 7. ಅಂಗಡಿಯಲ್ಲೇ ಮೌಸನ್ನು ಜೋರಾಗಿ ಆಚೀಚೆ ಆಡಿಸಿ ನೋಡಿ. 60ರಲ್ಲಿ ಬಾಣದ ಗುರುತು ಬಿಟ್ಟು ಬಿಟ್ಟು ಕುಪ್ಪಳಿಸುತ್ತದೆ, 144ರಲ್ಲಿ ನುಣ್ಣಗೆ ಜಾರುತ್ತದೆ. ಶೂಟಿಂಗ್ ಆಟಗಳಿಗೆ ಇದು ಲಾಭವೇ. ಚೆಸ್ ಆಡುವವರಿಗೆ ದುಡ್ಡು ದಂಡ.

ಆದರೆ ಗ್ರಾಫಿಕ್ಸ್ ಕಾರ್ಡಿಗೂ ಅಷ್ಟು ಫ್ರೇಮ್ ಒದಗಿಸುವ ತಾಕತ್ತಿರಬೇಕು. ಅದು 50ಕ್ಕೇ ಏದುಸಿರು ಬಿಡುತ್ತಿದ್ದರೆ ಮೊದಲು ಬದಲಿಸಬೇಕಾದದ್ದು ಕಾರ್ಡನ್ನು. 24 ಇಂಚಿನ ಪರದೆಗೆ 1080ಪಿ ಧಾರಾಳ ಸಾಕು. 4ಕೆ ಆಸೆಗೆ ಬಿದ್ದರೆ ಕಾರ್ಡ್ ನಾಲ್ಕು ಪಟ್ಟು ಚುಕ್ಕೆಗಳನ್ನು ಬಿಡಿಸಬೇಕಾಗುತ್ತದೆ.

ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ '1 ಮಿಲಿಸೆಕೆಂಡ್' ರೆಸ್ಪಾನ್ಸ್ ಟೈಮ್ (ಚುಕ್ಕೆ ಬಣ್ಣ ಬದಲಿಸಲು ಹಿಡಿಯುವ ಹೊತ್ತು) ನನಗಂತೂ ನಂಬಿಕೆ ಹುಟ್ಟಿಸುವುದಿಲ್ಲ. ಅನೇಕ ಸಲ ಅದು ಓವರ್‌ಡ್ರೈವನ್ನು (ಚುಕ್ಕೆಗಳನ್ನು ಬೇಗ ಬದಲಿಸುವ ಸೆಟ್ಟಿಂಗನ್ನು) ಮಿತಿಮೀರಿ ಏರಿಸಿದಾಗ ಸಿಕ್ಕ ಅಂಕಿ. ಹಾಗೆ ಏರಿಸಿದರೆ ಓಡುವ ವಸ್ತುವಿನ ಬೆನ್ನಿಗೆ ತಿಳಿಬಣ್ಣದ ನೆರಳು ಅಂಟಿಕೊಳ್ಳುತ್ತದೆ. ಇನ್ನು ಪರದೆಯ ಬಗೆ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚೆನ್ನ, ಆದರೆ ಕತ್ತಲ ದೃಶ್ಯಗಳು ಕದಡುವುದುಂಟು. ನನ್ನ ಓಟು ಇನ್ನೊಂದು ಬಗೆಯಾದ ಐಪಿಎಸ್‌ಗೆ.

ತಂದ ಮೇಲೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ 144 ಆಯ್ದುಕೊಳ್ಳಿ. ಎಷ್ಟೋ ಮನೆಗಳಲ್ಲಿ ಹೊಸ ಮಾನಿಟರ್ 60ರಲ್ಲೇ ಓಡುತ್ತಿರುತ್ತದೆ.