ಇನ್ನೊಂದು ವರ್ಷದ ಸಹನೆ

ಹೊಸ ಉದ್ಯಮಕ್ಕೆ ಕೈಹಾಕಿ ಸೋತ ಮಗನನ್ನು ನಮ್ಮ ಕುಟುಂಬಗಳಲ್ಲಿ ಮೊದಲು ಎದುರುಗೊಳ್ಳುವುದು ಮೂದಲಿಕೆ. ಅವನು ಮತ್ತೆ ಹೊಸತನ್ನು ಯೋಚಿಸಲೂ ಅಂಜುತ್ತಾನೆ.

1968ರಲ್ಲಿ ಅಮೆರಿಕದ ತ್ರೀಎಂ ಕಂಪೆನಿಯ ವಿಜ್ಞಾನಿ ಸ್ಪೆನ್ಸರ್ ಸಿಲ್ವರ್ ಬಲವಾದ ಅಂಟನ್ನು ಅರಸುತ್ತಿದ್ದರು. ದೊರೆತದ್ದು ಸುಲಭವಾಗಿ ಬಿಟ್ಟುಬರುವ ದುರ್ಬಲ ಅಂಟು. ಅವರು ಅದನ್ನು ಬಿಸುಡದೆ ವರ್ಷಗಟ್ಟಲೆ ಸಹೋದ್ಯೋಗಿಗಳಿಗೆ ವಿವರಿಸುತ್ತಲೇ ಇದ್ದರು. ಅದೇ ಕಂಪೆನಿಯ ಆರ್ಟ್ ಫ್ರೈ ಚರ್ಚಿನ ಗಾಯನವೃಂದದಲ್ಲಿ ಹಾಡುತ್ತಿದ್ದವರು. ಗೀತೆಪುಸ್ತಕದಲ್ಲಿಟ್ಟ ಗುರುತುಚೀಟಿಗಳು ಜಾರಿಬೀಳುವುದನ್ನು ಕಂಡು ಬೇಸತ್ತ ಅವರಿಗೆ 1974ರಲ್ಲಿ ಆ ಅಂಟು ನೆನಪಾಯಿತು. 1977ರ ಪರೀಕ್ಷಾರ್ಥ ಮಾರಾಟವೂ ಸೋತಿತು. ಕಂಪೆನಿ ಕೈಬಿಡದೆ, ಮರುವರ್ಷ ಚೀಟಿಗಳನ್ನು ಉಚಿತವಾಗಿ ಹಂಚಿತು. ಬಳಸಿ ನೋಡಿದ ಜನ ಮೆಚ್ಚಿದರು. ಹಚ್ಚಿ ತೆಗೆಯಬಲ್ಲ ಆ ಹಳದಿ 'ಪೋಸ್ಟ್-ಇಟ್' ಚೀಟಿ 1980ರಲ್ಲಿ ಅಮೆರಿಕದಾದ್ಯಂತ ಮಾರುಕಟ್ಟೆಗೆ ಬಂದಿತು. ಹನ್ನೆರಡು ವರ್ಷಗಳ ಸಹನೆ!

ಸಂತ ಲೂಕನ ಶುಭಸಂದೇಶದಲ್ಲಿ, ಮೂರು ವರ್ಷ ಫಲ ಕೊಡದ ಅಂಜೂರದ ಮರಕ್ಕಾಗಿ ತೋಟಗಾರನು ಒಡೆಯನಲ್ಲಿ ಇನ್ನೊಂದು ವರ್ಷ ಬೇಡಿದನು. ಸುಮ್ಮನೆ ಕಾಯುವೆನೆನ್ನಲಿಲ್ಲ, ಬುಡ ಅಗೆದು ಗೊಬ್ಬರ ಹಾಕುವೆನೆಂದನು. ಸಹನೆಯೆಂದರೆ ಕೈಕಟ್ಟಿ ಕೂರುವುದಲ್ಲ. ಗಡುವಿಲ್ಲದ ಔದಾರ್ಯವೂ ಅಲ್ಲ. ಸೋತು ಬಂದ ಮಗನೊಡನೆ ನಾವು ಕುಳಿತು ಲೆಕ್ಕ ನೋಡೋಣ, ಎಲ್ಲಿ ತಪ್ಪಿತೆಂದು ಶಾಂತವಾಗಿ ಕೇಳೋಣ, ಬಳಿಕ ಆ ಇನ್ನೊಂದು ವರ್ಷವನ್ನು ಕೊಡೋಣ.